ದೊಡ್ಡ ಬೀಸು, ಪುಟ್ಟ ದೂರ: 60 ಡಿಗ್ರಿ ವೆಜ್ ಯಾವಾಗ, ಯಾಕೆ?

ಪ್ರಶ್ನೆ: ಗಾಲ್ಫ್ ಆಡಲು ಶುರು ಮಾಡಿ ಮೂರು ವರ್ಷವಾಯಿತು. ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 20ರ ಆಸುಪಾಸು. ಸಣ್ಣ ದೂರಕ್ಕೆ ಚೆಂಡು ಎತ್ತಿ ಆಡುವ, ಮುಖ ಹಿಂದಕ್ಕೆ ವಾಲಿದ ಕೋಲುಗಳಲ್ಲಿ, ಅಂದರೆ ವೆಜ್ ಕ್ಲಬ್ಬುಗಳಲ್ಲಿ, ಬ್ಯಾಗಿನಲ್ಲಿ ಸೆಟ್ಟಿನ ಜೊತೆ ಬಂದ ಪಿಚಿಂಗ್ ವೆಜ್ ಇದೆ, 56 ಡಿಗ್ರಿಯ (ಮುಖ ಎಷ್ಟು ವಾಲಿದೆ ಅನ್ನುವ ಲೆಕ್ಕ) ಸ್ಯಾಂಡ್ ವೆಜ್ ಇದೆ. ಜೊತೆಗೆ ಆಡುವವರೆಲ್ಲ 60 ಡಿಗ್ರಿಯ ಲಾಬ್ ವೆಜ್ ಇಟ್ಟುಕೊಂಡಿದ್ದಾರೆ. ಒಬ್ಬರದ್ದು ಇಸಿದುಕೊಂಡು ಎರಡು ಹೊಡೆತ ಹೊಡೆದೆ. ನುಣ್ಣಗೆ ಕತ್ತರಿಸಿದ ಹುಲ್ಲಿನಿಂದ ಹೊಡೆದದ್ದು ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ದಾಟಿ ಆಚೆಯ ಪೊದೆ ಸೇರಿತು. ಉದ್ದ ಹುಲ್ಲಿನಿಂದ ಹೊಡೆದದ್ದು ಒಂದು ಗಜ ಮುಂದೆ ಪೊತ್ತೆಂದು ಬಿತ್ತು. ಈ ಕ್ಲಬ್ಬನ್ನು ನಿಜಕ್ಕೂ ಯಾವಾಗ ಬಳಸುತ್ತಾರೆ? ನನಗೆ ಅದು ಬೇಕೇ?

ಉತ್ತರ: ಎರಡೇ ಹೊಡೆತದಲ್ಲಿ ಆ ಕ್ಲಬ್ಬಿನ ಎರಡೂ ಮುಖ್ಯ ಪಾಠಗಳನ್ನು ಮುಗಿಸಿಬಿಟ್ಟಿದ್ದೀರಿ. ಕೆಲವರಿಗೆ ಅದಕ್ಕೇ ಎರಡು ವರ್ಷ ಬೇಕಾಗುತ್ತದೆ. ನಿಮ್ಮ ಆ ಎರಡು ಚೆಂಡುಗಳಿಗೆ ಆಮೇಲೆ ಬರುತ್ತೇನೆ, ಮೊದಲು ಒಂದು ತಪ್ಪು ತಿಳಿವಳಿಕೆ ಕಳೆಯಬೇಕು.

ಚೆಂಡು ಎತ್ತರಕ್ಕೆ ಹೋಗಲಿ ಅಂತ ಲಾಬ್ ವೆಜ್ ಹಿಡಿಯುತ್ತಾರೆ ಅಂತ ಬಹಳ ಜನ ನಂಬಿದ್ದಾರೆ. ಎತ್ತರ ನಮಗೆ ಬೇಕಾಗಿರುವುದು ನಿಲ್ಲಿಸುವುದಕ್ಕೆ. ಚೆಂಡು ಬಿದ್ದ ಮೇಲೆ ಉರುಳಲು ಜಾಗ ಇಲ್ಲದಿದ್ದಾಗ, ಕಡಿದಾಗಿ ಬಿದ್ದು ಅಲ್ಲಲ್ಲೇ ಸುಮ್ಮನಾಗುವ ಚೆಂಡು ಬೇಕಾಗುತ್ತದೆ. ಉರುಳಲು ಜಾಗ ಇದೆ ಅಂದರೆ ಎತ್ತರದ ಅಗತ್ಯವೇ ಇಲ್ಲ. ಹಾಗಾಗಿ ಈ ಕ್ಲಬ್ ತೆಗೆಯುವ ಮೊದಲು ಕೇಳಿಕೊಳ್ಳಬೇಕಾದ್ದು, ಚೆಂಡು ಬೀಳುವ ಜಾಗದಿಂದ ಪಿನ್‌ವರೆಗೆ, ಅಂದರೆ ಕುಳಿಯಲ್ಲಿ ನೆಟ್ಟ ಕೋಲಿನವರೆಗೆ, ಎಷ್ಟು ಹೆಜ್ಜೆ ಗ್ರೀನ್ ಇದೆ ಅಂತ.

ಹೆಜ್ಜೆ ಅಳೆದು ತೋರಿಸುತ್ತೇನೆ. ನಿಮ್ಮ ಚೆಂಡು ಗ್ರೀನ್ ಅಂಚಿನಿಂದ 10 ಹೆಜ್ಜೆ ಹಿಂದಿದೆ, ನಡುವೆ ಒಂದು ಬಂಕರ್, ಅಂದರೆ ಮರಳಿನ ಗುಂಡಿ. ಪಿನ್ ಇರುವುದು ಅಂಚಿನಿಂದ ಬರೀ 5 ಹೆಜ್ಜೆ ಒಳಗೆ. ಅಲ್ಲಿಗೆ ಒಟ್ಟು 15 ಹೆಜ್ಜೆ. ಸಮತಟ್ಟು ಗ್ರೀನ್ ಮೇಲೆ ನಾನು ಇಟ್ಟುಕೊಂಡಿರುವ ಕೈಲೆಕ್ಕ ಹೀಗಿದೆ: ಪಿಚಿಂಗ್ ವೆಜ್ ಒಂದು ಪಾಲು ಹಾರಿ ಎರಡು ಪಾಲು ಉರುಳುತ್ತದೆ, 56 ಡಿಗ್ರಿ ಹಾರಿದಷ್ಟೇ ಉರುಳುತ್ತದೆ, 60 ಡಿಗ್ರಿಯನ್ನು ಮೆತ್ತಗೆ ಎತ್ತಿ ಆಡಿದರೆ ಮೂರು ಪಾಲು ಹಾರಿ ಒಂದು ಪಾಲು ಉರುಳುತ್ತದೆ. ಪಿಚಿಂಗ್ ವೆಜ್ ಹಿಡಿದರೆ ಚೆಂಡು 5ನೇ ಹೆಜ್ಜೆಯಲ್ಲಿ ಬೀಳಬೇಕು, ಅದು ಬಂಕರ್. 56 ಹಿಡಿದರೆ ಏಳೂವರೆ, ಅದೂ ಬಂಕರೇ. 60 ಹಿಡಿದರೆ ಹನ್ನೊಂದು ಚಿಲ್ಲರೆ, ಅಂಚು ದಾಟಿ ಒಂದು ಹೆಜ್ಜೆ ಒಳಗೆ. ಇಲ್ಲಿ ಆಯ್ಕೆ ನಿಮ್ಮದಲ್ಲ, ಜಾಗವೇ ಕ್ಲಬ್ ಆರಿಸಿ ಕೊಟ್ಟಿದೆ. ಇಂಥ ಸ್ಥಿತಿಯನ್ನೇ ಆಟಗಾರರು ‘ಶಾರ್ಟ್ ಸೈಡ್ ಆದೆ’ ಅನ್ನುವುದು.

ಈಗ ಅದೇ ಚೆಂಡು, ಅದೇ ಬಂಕರ್, ಪಿನ್ ಮಾತ್ರ 20 ಹೆಜ್ಜೆ ಒಳಗಿದೆ ಅಂದುಕೊಳ್ಳಿ. ಒಟ್ಟು 30 ಹೆಜ್ಜೆ. 56 ಡಿಗ್ರಿ 15 ಹೆಜ್ಜೆ ಹಾರಿ, ಗ್ರೀನ್ ಮೇಲೆ 5 ಹೆಜ್ಜೆ ಒಳಗೆ ಆರಾಮವಾಗಿ ಬಿದ್ದು, ಮಿಕ್ಕಿದ್ದನ್ನು ಉರುಳಿ ಮುಗಿಸುತ್ತದೆ. ಬಂಕರ್ ಕಂಡ ಕೂಡಲೇ 60ಕ್ಕೆ ಕೈ ಹಾಕುವವರು ಇಲ್ಲೇ ಎಡವುವುದು. ಅವರ ಕಣ್ಣು ಬಂಕರ್ ಮೇಲಿರುತ್ತದೆ, ನೋಡಬೇಕಾಗಿರುವುದು ಬಂಕರ್ ಆಚೆಗಿನ ಜಾಗವನ್ನು.

ಇನ್ನು ಈ ಕ್ಲಬ್ಬಿನ ಬೆಲೆಯ ಮಾತು. ದುಡ್ಡಿನ ಬೆಲೆಯಲ್ಲ, ತಪ್ಪಿದರೆ ತೆರುವ ಬೆಲೆ. ಕ್ಲಬ್ ಎಷ್ಟೇ ವೇಗವಾಗಿ ಬರಲಿ, ಆ ವೇಗದಲ್ಲಿ ಮುಖಕ್ಕೆ ನೇರವಾಗಿ ಎದುರಾಗುವ ಪಾಲು ಮಾತ್ರ ಚೆಂಡನ್ನು ಒತ್ತಿ ಚಿಮ್ಮಿಸುತ್ತದೆ. ಮಿಕ್ಕಿದ್ದು ಮುಖದುದ್ದಕ್ಕೂ ಜಾರುತ್ತದೆ, ಅದರಲ್ಲಿ ಒಂದಿಷ್ಟು ಘರ್ಷಣೆಯ ಮೂಲಕ ಸ್ಪಿನ್ ಆಗುತ್ತದೆ. 30 ಡಿಗ್ರಿ ವಾಲಿದ ಮುಖಕ್ಕೆ ಆ ನೇರ ಪಾಲು ಸುಮಾರು ಶೇ 87. 45 ಡಿಗ್ರಿಗೆ ಶೇ 71. 60 ಡಿಗ್ರಿಗೆ ಸರಿಯಾಗಿ ಅರ್ಧ. ಅಂದರೆ 60ರಲ್ಲಿ 20 ಗಜ ಹೋಗಬೇಕಾದರೂ ನೀವು ಬೇರೆ ಕ್ಲಬ್ಬಿನಲ್ಲಿ ಅದರ ಎಷ್ಟೋ ಪಟ್ಟು ದೂರಕ್ಕೆ ಬೀಸುವಷ್ಟು ಬೀಸಬೇಕು. ದೊಡ್ಡ ಬೀಸು, ಪುಟ್ಟ ದೂರ.

ಚೆಂಡು ಮುಖದ ಮಧ್ಯಕ್ಕೆ ತಾಗಿದರೆ ಈ ಲೆಕ್ಕ ನಮ್ಮ ಪರ. ತಾಗದೆ, ಕ್ಲಬ್ಬಿನ ಕೆಳಗಿನ ಅಂಚು ಚೆಂಡಿನ ಹೊಟ್ಟೆಗೆ ಬಡಿದರೆ? ಅಂಚಿಗೆ ಲಾಫ್ಟ್, ಅಂದರೆ ಮುಖಕ್ಕಿರುವ ಆ ವಾಲು, ಅನ್ನುವುದೇ ಇಲ್ಲ. ಆ ದೊಡ್ಡ ಬೀಸಿನ ಪೂರಾ ವೇಗ ನೇರವಾಗಿ ಚೆಂಡಿಗೆ ವರ್ಗವಾಗುತ್ತದೆ, ಚೆಂಡು ಮೊಣಕಾಲೆತ್ತರದಲ್ಲಿ ಗುಂಡಿನಂತೆ ಹೋಗುತ್ತದೆ. ಇದೇ ‘ಥಿನ್’ ಹೊಡೆತ, ನಿಮ್ಮ ಮೊದಲ ಚೆಂಡು. ಮುಖ ಕಡಿಮೆ ವಾಲಿದ 8 ಐರನ್‌ನಲ್ಲಿ ಚಿಪ್ ಮಾಡುವಾಗ, ಅಂದರೆ ಸಣ್ಣಗೆ ತಟ್ಟಿ ಉರುಳಿಸುವಾಗ, ಥಿನ್ ಆದರೂ ಚೆಂಡು ನಾಲ್ಕಾರು ಹೆಜ್ಜೆ ಹೆಚ್ಚು ಉರುಳಿ ನಿಲ್ಲುತ್ತದೆ, ಯಾಕೆಂದರೆ ಬೀಸೇ ಸಣ್ಣದು. 60ರಲ್ಲಿ ಆದರೆ ಪೊದೆ.

ನಾನು ಕಲಿಸುವವನಾದರೂ ಇದರಿಂದ ಪಾರಾದವನಲ್ಲ. ಒಮ್ಮೆ ಜೋಡಿ ಆಟವೊಂದರ ಕೊನೆಯ ಹೋಲಿನಲ್ಲಿ ಜೊತೆಗಾರ ‘ಪಟರ್ ತಗೊಳ್ಳಿ ಸಾರ್’ ಅಂದದ್ದು ಕಿವಿಗೆ ಬಿದ್ದಿತ್ತು. ಪಟರ್ ಅಂದರೆ ಚೆಂಡನ್ನು ನೆಲದಲ್ಲೇ ಉರುಳಿಸುವ ಕ್ಲಬ್. ಚೆಂಡಿಗೂ ಗ್ರೀನಿಗೂ ನಡುವೆ ಬರೀ ನುಣುಪು ಹುಲ್ಲು, ಒಂದು ಸಣ್ಣ ದಿಬ್ಬ. ಸುತ್ತ ನಿಂತವರಿಗೆ ಚೆಂದದ ಹೊಡೆತ ಒಂದನ್ನು ತೋರಿಸುವ ಚಪಲ ನನಗೆ, 60 ಹಿಡಿದೆ. ಚೆಂಡು ಗ್ರೀನ್ ಆಚೆ ನಿಲ್ಲಿಸಿದ್ದ ಇನ್ನೊಬ್ಬರ ಬ್ಯಾಗಿಗೆ ಬಡಿದು ನಿಂತಿತು. ಜೊತೆಗಾರ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ದೊಡ್ಡ ಬೀಸು, ಪುಟ್ಟ ದೂರ ಅನ್ನುವುದಕ್ಕೆ ಇನ್ನೊಂದು ವಿಚಿತ್ರ ಪರಿಣಾಮವಿದೆ: ಚೆಂಡು ನಿಧಾನ, ಕ್ಲಬ್ ವೇಗ. 1985ರ ಯುಎಸ್ ಓಪನ್, ಓಕ್‌ಲ್ಯಾಂಡ್ ಹಿಲ್ಸ್ ಕೋರ್ಸ್. ತೈವಾನಿನ ಟಿ.ಸಿ. ಚೆನ್ ಕೊನೆಯ ದಿನ ನಾಲ್ಕು ಹೊಡೆತಗಳ ಮುನ್ನಡೆಯಲ್ಲಿದ್ದರು. 5ನೇ ಹೋಲಿನಲ್ಲಿ ಗ್ರೀನ್ ಪಕ್ಕದ ದಟ್ಟ ಹುಲ್ಲಿನಿಂದ ವೆಜ್‌ನಲ್ಲಿ ಎತ್ತಿದರು. ಹುಲ್ಲಿಗೆ ಸಿಕ್ಕಿದ ಚೆಂಡು ಮೆಲ್ಲಗೆ ಮೇಲೆದ್ದಿತು, ಹಿಂದಿನಿಂದ ಬಂದ ಕ್ಲಬ್ ಗಾಳಿಯಲ್ಲೇ ಅದನ್ನು ಎರಡನೇ ಸಲ ತಟ್ಟಿತು. ಆಗಿನ ನಿಯಮದಂತೆ ಒಂದು ಹೊಡೆತದ ದಂಡ. ಆ ಹೋಲಿನಲ್ಲಿ 8 ಹೊಡೆತ ಖರ್ಚಾಗಿ ಮುನ್ನಡೆಯೆಲ್ಲ ಕರಗಿತು. ಕೊನೆಗೆ ಆಂಡಿ ನಾರ್ತ್ ಗೆದ್ದದ್ದು ಒಂದೇ ಹೊಡೆತದ ಅಂತರದಲ್ಲಿ. 2019ರಿಂದ ನಿಯಮ ಬದಲಾಗಿದೆ. ಒಂದೇ ಬೀಸಿನಲ್ಲಿ ಆಕಸ್ಮಿಕವಾಗಿ ಎರಡು ಸಲ ತಾಗಿದರೆ ಈಗ ದಂಡವಿಲ್ಲ, ಒಂದು ಹೊಡೆತವೆಂದೇ ಲೆಕ್ಕ. ಚೆನ್ ಪಾಲಿಗೆ ಆ ತಿದ್ದುಪಡಿ 34 ವರ್ಷ ತಡವಾಗಿ ಬಂತು.

ಈಗ ನಿಮ್ಮ ಎರಡನೇ ಚೆಂಡು, ಉದ್ದ ಹುಲ್ಲಿನಿಂದ ಒಂದು ಗಜ ಹೋದದ್ದು. ಅದರಲ್ಲಿ ನಿಮ್ಮ ಬೀಸಿನ ತಪ್ಪು ಕಡಿಮೆ, ನೋಡದಿದ್ದದ್ದು ಹೆಚ್ಚು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತೇವೆ. ವೆಜ್ ವಿಷಯದಲ್ಲಿ ಮಾತ್ರ ನೆಲ ನೋಡಿಯೇ ಕುಣಿಯಬೇಕು. ಚೆಂಡಿನ ಪಕ್ಕ ಬಗ್ಗಿ ನೋಡಿ. ಮುಟ್ಟಬೇಡಿ, ಹುಲ್ಲು ಒತ್ತಬೇಡಿ, ನೋಡಿ ಅಷ್ಟೆ. ಚೆಂಡು ಹುಲ್ಲಿನ ತುದಿಯ ಮೇಲೆ ತೂಗುತ್ತಾ ಕೂತಿದೆಯೇ, ಅದರ ಕೆಳಗೆ ಬೆಳಕು ಕಾಣುತ್ತಿದೆಯೇ? ಚೆಂಡಿನ ವ್ಯಾಸ 42.67 ಮಿ.ಮೀ., ಇದು ನಿಯಮ ಹೇಳುವ ಕನಿಷ್ಠ ಅಳತೆ. ಅದರ ಅರ್ಧದಷ್ಟು ಗಾಳಿ ಕೆಳಗಿದ್ದರೂ ಸಾಕು, 60 ಡಿಗ್ರಿಯ ಮಲಗಿದ ಮುಖ ಅದರಡಿ ನುಸುಳಿಹೋಗುತ್ತದೆ. ಚೆಂಡಿಗೆ ತಾಗುವುದು ಮುಖದ ಮೇಲ್ತುದಿ ಮಾತ್ರ. ಕ್ಲಬ್ ಮುಂದೆ ಹೋಗುತ್ತದೆ, ಚೆಂಡು ಅಲ್ಲೇ ಕುಸಿಯುತ್ತದೆ. ಇಂಥ ಕಡೆ ಕ್ಲಬ್ಬನ್ನು ನೆಲಕ್ಕೆ ಒತ್ತದೆ ಚೆಂಡಿನ ಎತ್ತರಕ್ಕೇ ಹಿಡಿದು ನಿಂತು, ಅದೇ ಎತ್ತರದಲ್ಲಿ ಬೀಸಬೇಕು. ಅಥವಾ 56, 52 ಹಿಡಿಯಬೇಕು. ಮುಖ ಹೆಚ್ಚು ನೆಟ್ಟಗಿದ್ದಷ್ಟೂ ನುಸುಳುವ ಭಯ ಕಡಿಮೆ.

ಇದಕ್ಕೆ ಪೂರಾ ವಿರುದ್ಧ, ಗಟ್ಟಿ ನೆಲದ ಮೇಲೆ ಬೋಳು ಹುಲ್ಲಿನಲ್ಲಿ ಅಂಟಿ ಕೂತ ಚೆಂಡು. ಅಲ್ಲಿ ಕ್ಲಬ್ ಕೆಳಗೆ ಹೋಗಲು ಜಾಗವೇ ಇಲ್ಲ. ಲಾಬ್ ವೆಜ್‌ಗೆ ಒಗ್ಗುವುದು ಇವೆರಡರ ನಡುವಿನ ನೆಲ: ಸ್ವಲ್ಪ ಹುಲ್ಲಿನ ಮೆತ್ತೆ, ಅದರ ಮೇಲೆ ನೆಮ್ಮದಿಯಾಗಿ ಕೂತ ಚೆಂಡು. ಜಾಗ ಕಡಿಮೆ ಇದೆ, ನೆಲವೂ ಒಪ್ಪುತ್ತಿದೆ ಅಂದರೆ ತೆಗೆಯಿರಿ. ಜಾಗ ಕಡಿಮೆ ಇದ್ದೂ ನೆಲ ಒಪ್ಪದಿದ್ದರೆ ಪಿನ್ ಮರೆತು ಗ್ರೀನಿನ ಅಗಲವಾದ ಕಡೆಗೆ ಆಡಿ, ಎರಡು ಪಟ್ ಹಾಕಿ ಮುಂದೆ ಹೋಗಿ. ನಿಮ್ಮ ಹ್ಯಾಂಡಿಕ್ಯಾಪ್‌ಗೆ ಅದು ಸೋಲಲ್ಲ.

ಇಳಿಜಾರಿನ ಬಗ್ಗೆ ಒಂದು ಮಾತು. ಏರುಮುಖದ ಇಳಿಜಾರಿನಲ್ಲಿ ನಿಂತರೆ ನೆಲವೇ ಲಾಫ್ಟ್ ಸೇರಿಸುತ್ತದೆ, ಅಲ್ಲಿ 60 ಹಿಡಿದರೆ ಚೆಂಡು ನಿಮ್ಮ ಮೂಗಿನ ಮುಂದೆಯೇ ನೆಟ್ಟಗೆ ಎದ್ದು ಅರ್ಧ ದಾರಿಯಲ್ಲಿ ಬೀಳುತ್ತದೆ. ಇಳಿಮುಖದಲ್ಲಿ ನೆಲ ಲಾಫ್ಟ್ ಕದಿಯುತ್ತದೆ. 60 ಅಲ್ಲಿ 50ರಂತೆ ವರ್ತಿಸಬಹುದು. ಆದ್ದರಿಂದ ಇಳಿಮುಖದಲ್ಲಿ ಅದು ಸಮಂಜಸ, ಏರುಮುಖದಲ್ಲಿ ಬಹುಮಟ್ಟಿಗೆ ವ್ಯರ್ಥ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ ಬೌನ್ಸ್. ಅಂಗಡಿಯಲ್ಲಿ ವೆಜ್ ಎತ್ತಿಕೊಂಡವರೆಲ್ಲ ಲಾಫ್ಟ್ ಸಂಖ್ಯೆ ಓದುತ್ತಾರೆ, ಪಕ್ಕದಲ್ಲೇ ಕೆತ್ತಿರುವ ಇನ್ನೊಂದು ಸಂಖ್ಯೆಯ ಕಡೆ ಕಣ್ಣೂ ಹಾಯಿಸುವುದಿಲ್ಲ. ಕ್ಲಬ್ಬನ್ನು ತಿರುಗಿಸಿ ತಳ ನೋಡಿ. ಮುಂದಿನ ಅಂಚಿಗಿಂತ ಹಿಂಭಾಗ ಕೆಳಗೆ ಉಬ್ಬಿಕೊಂಡಿರುತ್ತದೆ, ದೋಣಿಯ ತಳದ ಹಾಗೆ. ನೆಲಕ್ಕೆ ಮೊದಲು ತಾಗುವುದು ಆ ಉಬ್ಬು. ಅದು ಎಷ್ಟು ಇಳಿದಿದೆ ಎಂಬುದರ ಕೋನವೇ ಬೌನ್ಸ್. 4ರಿಂದ 6 ಡಿಗ್ರಿ ಕಡಿಮೆ, 7ರಿಂದ 10 ಮಧ್ಯಮ, ಅದರ ಮೇಲೆ ಹೆಚ್ಚು. ಉಬ್ಬು ಇಲ್ಲದ ಕ್ಲಬ್ ಗುದ್ದಲಿ: ನೆಲಕ್ಕೆ ಬಿದ್ದರೆ ಕಚ್ಚಿಕೊಳ್ಳುತ್ತದೆ. ಉಬ್ಬು ಇದ್ದರೆ, ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದು ಕಪ್ಪೆ ಹಾರಿಸಿದ ಹಾಗೆ, ಜಾರಿ ಮುಂದೆ ಹೋಗುತ್ತದೆ. ಮೆತ್ತನೆಯ ಮರಳು, ಒದ್ದೆ ಮಣ್ಣು, ದಟ್ಟ ಹುಲ್ಲಿಗೆ ಹೆಚ್ಚು ಬೌನ್ಸ್ ಬೇಕು. ಗಟ್ಟಿ ನೆಲ, ತೆಳು ಮರಳಿಗೆ ಕಡಿಮೆ ಬೌನ್ಸ್. ಇಲ್ಲದಿದ್ದರೆ ಉಬ್ಬು ನೆಲಕ್ಕೆ ಬಡಿದು ಪುಟಿದು ಅಂಚು ಚೆಂಡಿನ ಹೊಟ್ಟೆಗೇ ಹೋಗುತ್ತದೆ.

ಈ ಉಬ್ಬಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಂಕರ್‌ಗಾಗಿ ಆಟಗಾರರು ಮೊದಲು ಬಳಸುತ್ತಿದ್ದ ನಿಬ್ಲಿಕ್ ಅನ್ನುವ ಕ್ಲಬ್ಬಿಗೆ ತೆಳು ಅಂಚು, ಮರಳಿಗೆ ಇಳಿದರೆ ಮೇಲೇಳುತ್ತಿರಲಿಲ್ಲ. ಕೆಲವರು ಸೌಟಿನ ಹಾಗೆ ಮುಖ ಗುಳಿಬಿದ್ದ ವೆಜ್ ಬಳಸಿದರು. 1931ರಲ್ಲಿ ಅದಕ್ಕೆ ನಿಷೇಧ ಬಿತ್ತು. ಅಮೆರಿಕದ ಆಟಗಾರ ಜೀನ್ ಸರಾಜನ್ ಅದಕ್ಕೆ ಬೇರೆ ದಾರಿ ಹುಡುಕಿದರು. ವಿಮಾನ ಹಾರಿಸುವ ಶ್ರೀಮಂತ ಹೋವರ್ಡ್ ಹ್ಯೂಸ್ ಜೊತೆ ವಿಮಾನದಲ್ಲಿ ಹಾರುವಾಗ, ಬಾಲ ಕೆಳಗಾದರೆ ಮೂತಿ ಮೇಲೇಳುವುದನ್ನು ನೋಡಿ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ನಿಬ್ಲಿಕ್‌ನ ತಳಕ್ಕೆ ಸೀಸ ಬೆಸುಗೆ ಹಾಕಿ ಹಿಂಭಾಗ ದಪ್ಪ ಮಾಡಿದರು. 1932ರ ಬ್ರಿಟಿಷ್ ಓಪನ್‌ಗೆ ಅದನ್ನು ಹೊತ್ತು ಹೋದರು. ಯಾರಾದರೂ ನೋಡಿ ತಕರಾರು ತೆಗೆದರೆ ಅಂತ ಅಭ್ಯಾಸದ ದಿನಗಳಲ್ಲಿ ಕೋಟಿನೊಳಗೆ ಬಚ್ಚಿಟ್ಟುಕೊಂಡು ಓಡಾಡಿದರಂತೆ. ಪ್ರಿನ್ಸಸ್ ಕೋರ್ಸಿನಲ್ಲಿ ಆ ಓಪನ್ ಗೆದ್ದರು. ಅದೇ ವರ್ಷ ಯುಎಸ್ ಓಪನ್ ಕೂಡ ಗೆದ್ದರು. ನಿಮ್ಮ 56 ಡಿಗ್ರಿಯ ತಳದಲ್ಲಿರುವ ಉಬ್ಬು ಅದೇ ವಂಶದ್ದು.

60 ಡಿಗ್ರಿ ಬಹಳ ತಡವಾಗಿ ಬಂತು. ನಾಸಾದಲ್ಲಿ ಕೆಲಸ ಮಾಡಿ ಆಮೇಲೆ ಗಾಲ್ಫ್‌ನ ಸಣ್ಣ ಹೊಡೆತಗಳನ್ನೇ ಅಧ್ಯಯನಕ್ಕೆ ಎತ್ತಿಕೊಂಡ ಡೇವ್ ಪೆಲ್ಜ್ ಅದಕ್ಕೆ ಒತ್ತಾಯಿಸಿದವರು, 1980ರ ದಶಕದ ಶುರುವಿನಲ್ಲಿ ಟೂರ್ ಮಟ್ಟದಲ್ಲಿ, ಅಂದರೆ ವೃತ್ತಿಪರರ ಆಟದಲ್ಲಿ, ಅದನ್ನು ಬ್ಯಾಗಿಗೆ ಹಾಕಿಕೊಂಡ ಮೊದಲಿಗರಲ್ಲಿ ಅಮೆರಿಕದ ಟಾಮ್ ಕೈಟ್ ಒಬ್ಬರು. 1992ರ ಯುಎಸ್ ಓಪನ್‌ನ ಕೊನೆಯ ದಿನ ಪೆಬಲ್ ಬೀಚ್‌ನಲ್ಲಿ ಗಾಳಿ ಹುಚ್ಚೆದ್ದಿತ್ತು. ಅಲ್ಲಿನ 7ನೇ ಹೋಲ್ 110 ಗಜವೂ ಇಲ್ಲದ ಪುಟಾಣಿ. ಅದಕ್ಕೇ ಕೈಟ್ ಬಹಳ ದೂರಕ್ಕೆ ಬಳಸುವ 6 ಐರನ್ ಹೊಡೆಯಬೇಕಾಯಿತು, ಅದೂ ಗ್ರೀನ್ ತಪ್ಪಿತು. ಅಲ್ಲಿಂದ ಲಾಬ್ ವೆಜ್‌ನಲ್ಲಿ ಎತ್ತಿದ ಚೆಂಡು ನೇರ ಕುಳಿಯೊಳಗೆ. ಆ ದಿನ ಅವರೇ ಗೆದ್ದರು. ಅವರು ಇನ್ಯಾವುದೇ ಮೇಜರ್ (ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು) ಗೆಲ್ಲಲಿಲ್ಲ ಅನ್ನುವುದನ್ನು ನೆನೆದರೆ ಆ ಒಂದು ಹೊಡೆತದ ತೂಕ ತಿಳಿಯುತ್ತದೆ.

ಅಷ್ಟು ದಿನ 60 ಇಲ್ಲದೆ ಹೇಗೆ ನಡೆಯಿತು ಅಂತ ನೀವು ಕೇಳಬಹುದು. ಮುಖ ತೆರೆದು ಆಡುತ್ತಿದ್ದರು. ಸ್ಪೇನಿನ ಸೆವ್ ಬ್ಯಾಲೆಸ್ಟರೋಸ್ ಹುಡುಗನಾಗಿದ್ದಾಗ ತಮ್ಮ ಊರು ಪೆಡ್ರೆನ್ಯಾದ ಕಡಲ ತೀರದಲ್ಲಿ, ಮುಖ ತೀರಾ ನೆಟ್ಟಗಿರುವ ಒಂದು 3 ಐರನ್ ಹಿಡಿದುಕೊಂಡೇ ಎಲ್ಲ ಹೊಡೆತ ಕಲಿತವರು. ನಿಮ್ಮ 56ರ ಮುಖವನ್ನೂ ಬಲಕ್ಕೆ ತೆರೆದರೆ ಲಾಫ್ಟ್ 60 ದಾಟುತ್ತದೆ. ಹಾಗಾದರೆ ಬೇರೆ ಕ್ಲಬ್ ಯಾಕೆ? ಮುಖ ತೆರೆದಂತೆ ತಳದ ಉಬ್ಬೂ ಇಳಿಯುತ್ತದೆ, ಮುಂದಿನ ಅಂಚು ನೆಲ ಬಿಟ್ಟು ಮೇಲೇಳುತ್ತದೆ. ಮರಳಿನಲ್ಲಿ, ಮೆತ್ತನೆ ಹುಲ್ಲಿನಲ್ಲಿ ಅದು ವರ. ಗಟ್ಟಿ ನೆಲದಲ್ಲಿ ಅದೇ ಮುಳುವು. ಲಾಬ್ ವೆಜ್‌ನ ನಿಜವಾದ ಸಮರ್ಥನೆ ಇಲ್ಲಿದೆ: ಮುಖ ಹೆಚ್ಚು ತೆರೆಯದೆಯೇ, ಅಂಚು ನೆಲಕ್ಕೆ ಹತ್ತಿರ ಇರುವಂತೆಯೇ, ಅಷ್ಟು ಲಾಫ್ಟ್ ಸಿಗುತ್ತದೆ.

ಇನ್ನೊಂದು ಕಾರಣ ಸೆಟ್ಟುಗಳೇ ಬದಲಾದದ್ದು. ಹಿಂದೆ ಪಿಚಿಂಗ್ ವೆಜ್ 48, 50 ಡಿಗ್ರಿ ಇರುತ್ತಿತ್ತು. ಈಗ 43, 44ಕ್ಕೆ ಇಳಿದಿದೆ. ‘ನಮ್ಮ ಐರನ್ ದೂರ ಹೋಗುತ್ತೆ’ ಅಂತ ಮಾರಲು ಕಂಪನಿಗಳಿಗೆ ಅನುಕೂಲ. ಹೆಸರು ಅದೇ, ಕ್ಲಬ್ ಬೇರೆ. ನಿಮ್ಮದು 44 ಅಂತಾದರೆ 56ರವರೆಗೆ 12 ಡಿಗ್ರಿಯ ಕಂದಕವಿದೆ. ಪಿಚಿಂಗ್ ವೆಜ್ ಪೂರಾ ಹೊಡೆದರೆ 110 ಗಜ, 56ರಲ್ಲಿ 75 ಅನ್ನುವವರು 90 ಗಜಕ್ಕೆ ಏನು ಮಾಡುತ್ತಾರೆ? ನಿಮಗೆ ಮೊದಲು ಬೇಕಾಗಿರುವುದು 60 ಅಲ್ಲ, 50. ಬ್ಯಾಗಿನಲ್ಲಿ 14 ಕ್ಲಬ್ಬಿಗಿಂತ ಹೆಚ್ಚು ಇಡುವಂತಿಲ್ಲವಾದ್ದರಿಂದ ಈ ಕ್ರಮ ಮುಖ್ಯ.

ಸ್ಪಿನ್ ಬಗ್ಗೆ ಒಂದು ಭ್ರಮೆ. ಲಾಫ್ಟ್ ಹೆಚ್ಚಿದಷ್ಟೂ ಸ್ಪಿನ್ ಹೆಚ್ಚುತ್ತದೆ ಅನ್ನುವುದು ಒಂದು ಮಿತಿಯವರೆಗೆ ಮಾತ್ರ ನಿಜ. ಅದಾದ ಮೇಲೆ ಚೆಂಡು ಮುಖವನ್ನು ಕಚ್ಚದೆ ಮೇಲಕ್ಕೆ ಜಾರಿಬಿಡುತ್ತದೆ. ಟೂರ್ ಆಟಗಾರರ ಪಿಚಿಂಗ್ ವೆಜ್ಜೇ ನಿಮಿಷಕ್ಕೆ 9,000ಕ್ಕೂ ಮೀರಿ ಸುತ್ತು ಕೊಡುತ್ತದೆ, ಚೆಂಡು ಸುಮಾರು 24 ಡಿಗ್ರಿಯಲ್ಲಿ ಹೊರಟು 50 ಡಿಗ್ರಿಗೂ ಹೆಚ್ಚು ಕಡಿದಾಗಿ ಇಳಿಯುತ್ತದೆ. ಮೆತ್ತಗೆ ಎತ್ತಿದ ಲಾಬ್ ನಿಲ್ಲುವುದು ಸುತ್ತಿನ ಬಲದಿಂದಲ್ಲ, ಇಳಿಯುವ ಕೋನದಿಂದ. ಇಬ್ಬನಿಯಲ್ಲಿ ಒದ್ದೆಯಾದ ಹುಲ್ಲಿದ್ದರೆ ಸುತ್ತು ಇನ್ನೂ ಕಡಿಮೆ. ಕ್ಲಬ್ಬಿನ ಗೆರೆಗಳಲ್ಲಿ ಒಣಗಿದ ಮಣ್ಣು ತುಂಬಿಕೊಂಡು ‘ನನ್ನ ಚೆಂಡು ನಿಲ್ಲಲ್ಲ’ ಅನ್ನುವವರಿಗೆ ನಾನು ಮೊದಲು ಒಂದು ಹಳೇ ಬಟ್ಟೆ ಕೊಡುತ್ತೇನೆ.

ಬಂಕರ್‌ನಲ್ಲಿ ಲಾಬ್ ವೆಜ್ ಬೇಕಾಗುವುದು ಎರಡು ಸಂದರ್ಭದಲ್ಲಿ: ಎದುರಿನ ಅಂಚು ಎತ್ತರವಿದ್ದು ನೀವು ಅದರ ಬುಡದಲ್ಲೇ ಇದ್ದಾಗ, ಮತ್ತು ಪಿನ್ ತೀರಾ ಹತ್ತಿರವಿದ್ದಾಗ. ಅಲ್ಲಿ ಕ್ಲಬ್ ಚೆಂಡಿಗೆ ತಾಗುವುದೇ ಇಲ್ಲ, ಎರಡು ಬೆರಳು ಹಿಂದೆ ಮರಳಿಗೆ ಇಳಿದು ಮರಳಿನ ಜೊತೆ ಚೆಂಡನ್ನು ಎತ್ತಿ ಹಾಕುತ್ತದೆ. ಪಿನ್ 30 ಗಜ ದೂರ ಇದ್ದರೆ 52ರಲ್ಲಿ ಅದೇ ಬೀಸು ಬೀಸಿ. ಮರಳಲ್ಲಿ ಹೂತ ಚೆಂಡಿಗೂ 60 ಬೇಡ, ಮುಖ ಮುಚ್ಚಿ ಅಗೆಯುವ ಕ್ಲಬ್ ಬೇಕು. ಬೀಸುವ ಮುನ್ನ ಚೆಂಡಿನ ಹಿಂದಿನ ಮರಳಿಗಾಗಲಿ, ಅಭ್ಯಾಸದ ಬೀಸಿನಲ್ಲಾಗಲಿ ಕ್ಲಬ್ ತಾಗಿಸಿದರೆ ದಂಡ ಅನ್ನುವುದು ಗೊತ್ತಿರಬೇಕು.

ಪೂರ್ಣ ಬೀಸಿನಲ್ಲಿ 60 ಡಿಗ್ರಿ ಹೊಡೆಯುವುದನ್ನು ಸದ್ಯಕ್ಕೆ ಬಿಡಿ. 60, 70 ಗಜಕ್ಕೆ ಜೋರಾಗಿ ಬೀಸಿದ ಲಾಬ್ ವೆಜ್‌ಗಿಂತ ಮುಕ್ಕಾಲು ಬೀಸಿನ 56 ನೂರಕ್ಕೆ ನೂರು ನಂಬಿಕಸ್ತ. ಎದುರುಗಾಳಿಯಲ್ಲಂತೂ ಅಷ್ಟು ಎತ್ತರದ ಚೆಂಡು ಗಾಳಿಯ ಕೈಗೆ ಕೊಟ್ಟ ಹಾಗೆ.

ಹೊಡೆಯುವ ರೀತಿಗೆ ಬರೋಣ. ಬಲಗೈ ಆಟಗಾರರೆಂದು ಹೇಳುತ್ತೇನೆ. ಮೊದಲು ಮುಖ ಬಲಕ್ಕೆ ಸ್ವಲ್ಪ ತೆರೆಯಿರಿ, ಆಮೇಲೆ ಹಿಡಿಯಿರಿ. ಹಿಡಿದ ಮೇಲೆ ಮಣಿಕಟ್ಟು ತಿರುಗಿಸಿ ತೆರೆದರೆ ಬೀಸುವಾಗ ಅದು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಹತ್ತರಲ್ಲಿ ಎಂಟು ಜನ ಇಲ್ಲೇ ಕೆಡುವುದನ್ನು ಕಂಡಿದ್ದೇನೆ. ಚೆಂಡು ಪಾದಗಳ ನಡುವಿಗಿಂತ ಒಂದಿಷ್ಟು ಎಡಕ್ಕೆ ಇರಲಿ. ಹಿಡಿಕೆ ಮುಂದಕ್ಕೆ ವಾಲದಿರಲಿ, ಹೊಕ್ಕುಳ ನೋಡುತ್ತಿರಲಿ. ಭಾರ ಎಡಗಾಲಿನ ಮೇಲೆ ತುಸು ಹೆಚ್ಚು, ಕೊನೆಯವರೆಗೂ ಅಲ್ಲೇ. ಬೀಸು ಉದ್ದವಿರಲಿ, ಅವಸರ ಬೇಡ, ಆದರೆ ಚೆಂಡಿನ ಹತ್ತಿರ ಬಂದು ನಿಧಾನಿಸಬೇಡಿ. ಎದೆ ಗುರಿಯ ಕಡೆ ತಿರುಗುತ್ತಲೇ ಇರಲಿ. ಪೊದೆಗೆ ಹೋದ ನಿಮ್ಮ ಚೆಂಡಿನ ಮೂಲ ಬಹುಶಃ ಇಲ್ಲಿದೆ. ದೂರ ಕಡಿಮೆ, ಬೀಸು ದೊಡ್ಡದು ಅಂತ ಅರ್ಧದಲ್ಲಿ ಹೆದರಿ ದೇಹ ನಿಂತಿರುತ್ತದೆ, ಕೈಗಳು ಚೆಂಡನ್ನು ಗೋರಿ ಎತ್ತಲು ಹೋಗಿರುತ್ತವೆ. ಗೋರಿದ ಕೂಡಲೇ ಅಂಚು ಮೇಲೇಳುತ್ತದೆ. ಎತ್ತುವ ಕೆಲಸ ಮುಖದ್ದು, ನಿಮ್ಮದಲ್ಲ.

ಇದನ್ನು ಕೈಗೆ ತಿಳಿಸುವ ಒಂದು ಸುಲಭ ವಿಧಾನ ಇದೆ. ಗ್ರೀನ್ ಪಕ್ಕ ನಿಂತು, ಕ್ಲಬ್ ಕೆಳಗಿಟ್ಟು, ಅಂಗೈ ಮೇಲ್ಮುಖ ಮಾಡಿಕೊಂಡು ಚೆಂಡನ್ನು ಪಿನ್ ಕಡೆ ಎಸೆಯಿರಿ. ಮೊದಲು ನೆಲಕ್ಕೆ ಸವರಿದ ಹಾಗೆ, ಆಮೇಲೆ ಸೊಂಟದೆತ್ತರ, ಆಮೇಲೆ ತಲೆಗಿಂತ ಎರಡಾಳು ಮೇಲೆ. ಹತ್ತತ್ತು ಎಸೆದು ಯಾವುದು ಪಿನ್ ಹತ್ತಿರ ಗುಂಪಾಗಿ ನಿಂತಿದೆ ನೋಡಿ. ಜಾಗ ಇರುವ ಕಡೆ ಕೆಳಗಿನ ಎಸೆತ ಯಾವಾಗಲೂ ಗೆಲ್ಲುತ್ತದೆ. ಎತ್ತರದ ಎಸೆತ ಗೆಲ್ಲುವುದು ಪಿನ್ ನಿಮ್ಮ ಕಡೆಯ ಅಂಚಿಗೆ ಅಂಟಿದ್ದಾಗ ಮಾತ್ರ. ಕೈಗೆ ಇದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕ್ಲಬ್ ಹಿಡಿದಾಗ ಮಾತ್ರ ನಮಗೆ ಮರೆತುಹೋಗುವುದು ಯಾಕೋ.

ಕೊಳ್ಳಬೇಕೇ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ನಿಮ್ಮ ಪಿಚಿಂಗ್ ವೆಜ್‌ನ ನಿಜವಾದ ಲಾಫ್ಟ್ ತಿಳಿದುಕೊಳ್ಳಿ, 44, 45 ಆಗಿದ್ದರೆ 50 ಡಿಗ್ರಿಯದ್ದು ಒಂದು ತೆಗೆದುಕೊಳ್ಳಿ. ಆಮೇಲೆ ಹತ್ತು ಸುತ್ತು ಆಡುವಾಗ, ಶಾರ್ಟ್ ಸೈಡ್ ಆಗಿ, ನೆಲವೂ ಒಪ್ಪಿ, 56ರಲ್ಲಿ ಮುಖ ತೆರೆದರೂ ಚೆಂಡು ನಿಲ್ಲದಿದ್ದದ್ದು ಎಷ್ಟು ಸಲ ಅಂತ ಸ್ಕೋರ್ ಕಾರ್ಡಿನ ಮೂಲೆಯಲ್ಲಿ ಗೀಟು ಹಾಕುತ್ತಾ ಹೋಗಿ. ಸುತ್ತಿಗೆ ಒಂದು ಗೀಟಾದರೂ ಬೀಳುತ್ತಿದ್ದರೆ ಮತ್ತೆ ಅದೇ ಗೆಳೆಯರ ಕ್ಲಬ್ ಇಸಿದುಕೊಳ್ಳಿ. 10 ಹೆಜ್ಜೆ ದೂರದಿಂದ, ಸಾಧಾರಣ ಹುಲ್ಲಿನಿಂದ, 20 ಚೆಂಡು ಎತ್ತಿ. ಪಿನ್ ಹತ್ತಿರ ಎಷ್ಟು ನಿಂತವು ಅನ್ನುವುದನ್ನು ಎಣಿಸಬೇಡಿ, ಗ್ರೀನ್ ದಾಟಿ ಹೋದವನ್ನು ಎಣಿಸಿ. ಎರಡಕ್ಕಿಂತ ಕಡಿಮೆ ಇದ್ದರೆ ಕೊಳ್ಳಬಹುದು. ಆಗಲೂ 60ರ ಬದಲು 58, ಬೌನ್ಸ್ 8ರಿಂದ 10. ನಾಲ್ಕೈದು ದಾಟಿ ಹೋದರೆ ಕ್ಲಬ್ಬನ್ನು ಒರೆಸಿ ವಾಪಸ್ ಕೊಟ್ಟುಬಿಡಿ.